ಕಾರ್ಬುರೇಟರ್ ಬಿಚ್ಚುವ ಮುನ್ನ

ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಯ ಹಳ್ಳಿಗಳಲ್ಲಿಯೂ ಮಂಡ್ಯ, ಮಳವಳ್ಳಿ ತಾಲ್ಲೂಕುಗಳ ನೀರಾವರಿ ಬಯಲುಗಳಲ್ಲಿಯೂ ಡೇರಿಗೆ ಹಾಲಿನ ಕ್ಯಾನು ಸಾಗಿಸುವುದು, ಗದ್ದೆಯ ಬದುವಿನಿಂದ ಹಸಿ ಹುಲ್ಲಿನ ಹೊರೆ ತರುವುದು, ಸೊಸೈಟಿಯಿಂದ ಗೊಬ್ಬರದ ಮೂಟೆ ತರುವುದು ಮುಂತಾದ ದಿನನಿತ್ಯದ ಕೆಲಸಗಳು ಇಂದಿಗೂ ಸಾಕಷ್ಟು ಮಟ್ಟಿಗೆ ಕಾರ್ಬುರೇಟರ್ ಇರುವ ಹಳೆಯ ವಾಹನಗಳನ್ನೇ ನೆಚ್ಚಿಕೊಂಡಿವೆ. ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡುಗಳು, 1994ರಲ್ಲಿ ಮಾರುಕಟ್ಟೆಗೆ ಬಂದ ಹೀರೋ ಹೋಂಡಾ ಸ್ಪ್ಲೆಂಡರ್, 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ, ಜೊತೆಗೆ ಹಳೆಯ ಮಾರುತಿ 800 ಕಾರುಗಳು ಈ ಸಾಲಿಗೆ ಸೇರುತ್ತವೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಬಹುಮಟ್ಟಿಗೆ ಇಂಧನವನ್ನು ಎಲೆಕ್ಟ್ರಾನಿಕ್ ನಿಯಂತ್ರಣದಲ್ಲಿ ಅಳೆದು ಚಿಮ್ಮಿಸುವ ವ್ಯವಸ್ಥೆ ಬಂದಿದೆ. ಅಂತಹ ವಾಹನ ತನ್ನ ದೋಷವನ್ನು ತಾನೇ ದೀಪ ಹೊತ್ತಿಸಿ ತಿಳಿಸುತ್ತದೆ. ಹಳೆಯ ವಾಹನಕ್ಕೆ ಆ ಸೌಲಭ್ಯವಿಲ್ಲ. ಅದರ ಎಂಜಿನ್ ತಡವರಿಸುವುದನ್ನು ಮತ್ತು ನಡುದಾರಿಯಲ್ಲಿ ನಿಂತುಹೋಗುವುದನ್ನು ಗಮನಿಸಿ ಮನುಷ್ಯನೇ ಕಾರಣವನ್ನು ಹುಡುಕಬೇಕಾಗುತ್ತದೆ.

ಈ ಹುಡುಕಾಟ ಸಾಮಾನ್ಯವಾಗಿ ತಪ್ಪು ತುದಿಯಿಂದ ಆರಂಭವಾಗುತ್ತದೆ. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ ಎಂದೊಡನೆ ಕಾರ್ಬುರೇಟರ್ ಕಟ್ಟಿಕೊಂಡಿದೆ ಎಂಬ ತೀರ್ಮಾನಕ್ಕೆ ಬರಲಾಗುತ್ತದೆ. ಅದನ್ನು ಬಿಚ್ಚಿ, ಗಾಳಿ ಊದಿ, ಪೆಟ್ರೋಲಿನಲ್ಲಿ ತೊಳೆದು, ಮತ್ತೆ ಜೋಡಿಸಲಾಗುತ್ತದೆ. ವಾಹನ ಎರಡು ದಿನ ಚೆನ್ನಾಗಿ ಓಡಿ ಮೂರನೆಯ ದಿನ ಮತ್ತೆ ನಿಲ್ಲುತ್ತದೆ. ಕಾರ್ಬುರೇಟರ್ ಬಿಚ್ಚುವ ಕ್ರಮದಲ್ಲಿ ಅದರೊಳಗಿನ ನೀರು ಚೆಲ್ಲಿಹೋಗುತ್ತದೆ, ಪೆಟ್ರೋಲ್ ಪೈಪು ಕಳಚಿ ಮತ್ತೆ ಕೂರುತ್ತದೆ, ಸಡಿಲವಾಗಿದ್ದ ಬೋಲ್ಟು ಬಿಗಿಯಾಗುತ್ತದೆ, ಬಿಸಿಯಾಗಿದ್ದ, ಕಿಡಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ತಣ್ಣಗಾಗುತ್ತದೆ. ಹೀಗಾಗಿ ಮೂಲ ದೋಷ ಬೇರೆ ಎಲ್ಲೋ ಇದ್ದರೂ ತಾತ್ಕಾಲಿಕವಾಗಿ ಮರೆಯಾಗುತ್ತದೆ, ಅದರೊಂದಿಗೆ ದೋಷದ ಸಾಕ್ಷಿಯೂ ಅಳಿಸಿಹೋಗುತ್ತದೆ. ತಡವರಿಸುವ ಎಂಜಿನ್ನಿನ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಸಾಕ್ಷಿ ದೊರೆಯುವುದು ವಾಹನ ನಿಂತ ಜಾಗದಲ್ಲಿ, ನಿಂತ ಮೊದಲ ಕೆಲವು ನಿಮಿಷಗಳಲ್ಲಿ. ತಳ್ಳಿಕೊಂಡು ಗ್ಯಾರೇಜು ಮುಟ್ಟಿಸುವಷ್ಟರಲ್ಲಿ ಅರ್ಧಕ್ಕರ್ಧ ಸಾಕ್ಷಿ ಇಲ್ಲವಾಗಿರುತ್ತದೆ. ಆದ್ದರಿಂದ ಪರೀಕ್ಷೆಯ ಮೊದಲ ಭಾಗ ಮೆಕ್ಯಾನಿಕ್‌ನದ್ದಲ್ಲ, ವಾಹನ ಓಡಿಸುವವನದ್ದು. ಮತ್ತು ಆ ಭಾಗಕ್ಕೆ ಸ್ಪ್ಯಾನರಿನ ಅಗತ್ಯವೂ ಅಷ್ಟಾಗಿ ಇಲ್ಲ.

ಕಾರ್ಬುರೇಟರ್ ಮಾಡುವ ಕೆಲಸವನ್ನು ಅರಿತರೆ ಈ ಪರೀಕ್ಷೆಯ ತರ್ಕ ಸುಲಭವಾಗಿ ತಿಳಿಯುತ್ತದೆ. ಎಂಜಿನ್ನಿನ ಪಿಸ್ಟನ್ ಚಲಿಸುವಾಗ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಗಾಳಿ ಹಾದುಬರುವ ಕೊಳವೆಯನ್ನು ಒಂದು ಕಡೆ ಕಿರಿದು ಮಾಡಲಾಗಿರುತ್ತದೆ; ಅಗಲವಾದ ನಾಲೆಯ ನೀರು ತೂಬಿನ ಇಕ್ಕಟ್ಟಿನಲ್ಲಿ ರಭಸ ಪಡೆಯುವಂತೆ ಈ ಕಿರಿದಾದ ಭಾಗದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಅಲ್ಲಿನ ಒತ್ತಡ ಕುಗ್ಗುತ್ತದೆ. ಕೆಳಗಿರುವ ಪುಟ್ಟ ಬಟ್ಟಲಿನಲ್ಲಿ ಹೊರಗಿನ ವಾತಾವರಣದ ಒತ್ತಡದಲ್ಲಿರುವ ಪೆಟ್ರೋಲ್, ಈ ಒತ್ತಡದ ವ್ಯತ್ಯಾಸದಿಂದಾಗಿ ಸಣ್ಣ ರಂಧ್ರಗಳ ಮೂಲಕ ಮೇಲೇರಿ, ಹನಿಹನಿಯಾಗಿ ಒಡೆದು ಗಾಳಿಯಲ್ಲಿ ಬೆರೆಯುತ್ತದೆ. ರಂಧ್ರವಿರುವ ಹಿತ್ತಾಳೆಯ ತಿರುಪುಗಳಿಗೆ ಜೆಟ್ ಎಂದೂ, ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವ ತೇಲುಗುಂಡಿಗೆ ಫ್ಲೋಟ್ ಎಂದೂ, ಫ್ಲೋಟ್ ಮೇಲೆದ್ದಾಗ ಒಳದಾರಿಯನ್ನು ಮುಚ್ಚುವ ಮೊನಚು ಕಡ್ಡಿಗೆ ನೀಡಲ್ ವಾಲ್ವ್ ಎಂದೂ ಹೆಸರು. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿಯ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚಾದರೆ ಮಿಶ್ರಣ ತೆಳುವಾಗುತ್ತದೆ, ಗ್ಯಾರೇಜಿನ ಮಾತಿನಲ್ಲಿ ಲೀನ್. ಪೆಟ್ರೋಲ್ ಹೆಚ್ಚಾದರೆ ದಟ್ಟವಾಗುತ್ತದೆ, ರಿಚ್. ಎರಡೂ ಸ್ಥಿತಿಗಳಲ್ಲಿ ಎಂಜಿನ್ ತಡವರಿಸುತ್ತದೆ, ಆದರೆ ಒಂದರ ಚಿಕಿತ್ಸೆ ಇನ್ನೊಂದಕ್ಕೆ ಹಾನಿ.

ಬೈಕು, ಮೊಪೆಡ್ಡುಗಳಲ್ಲಿರುವ ಕಾರ್ಬುರೇಟರ್ ಒಂದೇ ದಾರಿಯಲ್ಲಿ ಪೆಟ್ರೋಲ್ ಕೊಡುವುದಿಲ್ಲ ಎಂಬುದು ಇಲ್ಲಿ ಮುಖ್ಯವಾದ ಅಂಶ. ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗಲೂ ಎಂಟನೆಯ ಒಂದು ಭಾಗದಷ್ಟು ತಿರುಗಿಸಿದಾಗಲೂ ಪೆಟ್ರೋಲ್ ಬರುವುದು ಪೈಲಟ್ ಜೆಟ್ ಎಂಬ ಅತಿ ಸಣ್ಣ ರಂಧ್ರದಿಂದ. ಅಲ್ಲಿಂದ ಕಾಲು ಭಾಗದವರೆಗೆ ಮೇಲೆ ಕೆಳಗೆ ಚಲಿಸುವ ಸ್ಲೈಡಿನ ಅಂಚಿನ ಕೊರೆತ ಪ್ರಮಾಣವನ್ನು ನಿರ್ಧರಿಸುತ್ತದೆ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ತೂಗುಬಿದ್ದ ಮೊನಚು ಸೂಜಿಯೂ, ಮುಕ್ಕಾಲಿನಿಂದ ಮುಂದಕ್ಕೆ ಮೇನ್ ಜೆಟ್ ಕೂಡ ಆ ಕೆಲಸವನ್ನು ವಹಿಸಿಕೊಳ್ಳುತ್ತವೆ. ಆದ್ದರಿಂದ ಹಿಡಿಕೆಯ ಮೇಲೆ ಸಣ್ಣ ಗುರುತು ಅಂಟಿಸಿಕೊಂಡು, ತಡವರಿಕೆ ಯಾವ ಹಂತದಲ್ಲಿ ಕಾಣಿಸುತ್ತದೆ ಎಂದು ನೋಡಿದರೆ ದೋಷದ ವಿಳಾಸ ಅರ್ಧ ಸಿಕ್ಕಂತಾಗುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಕೊಪ್ಪದ ಸಕ್ಕರೆ ಕಾರ್ಖಾನೆಯ ಕಡೆಗೆ ಸಾಗುವ ಟ್ರ್ಯಾಕ್ಟರು, ಎತ್ತಿನ ಗಾಡಿಗಳ ಸಾಲಿನ ಹಿಂದೆ ನಿಂತು ನಿಂತು ಸಾಗುವಾಗ ಆಫ್ ಆಗುವ ಬೈಕು, ಮದ್ದೂರಿನ ಕಡೆಗೆ ಖಾಲಿ ರಸ್ತೆ ಸಿಕ್ಕೊಡನೆ ನೆಟ್ಟಗೆ ಓಡಿದರೆ ಸಂಶಯ ಪೈಲಟ್ ಜೆಟ್‌ನ ಮೇಲೆ ಹೋಗಬೇಕು. ನಿಂತಲ್ಲಿ ಸೊಗಸಾಗಿ ಉರಿದು, ಹೊರೆ ಹೇರಿ ಏರು ಹತ್ತುವಾಗ ಮಾತ್ರ ಉಸಿರುಗಟ್ಟಿದಂತೆ ಎಳೆದಾಡಿದರೆ ಮೇನ್ ಜೆಟ್ ಇಲ್ಲವೇ ಪೆಟ್ರೋಲ್ ಸರಬರಾಜಿನ ಕೊರತೆ ಕಾರಣವಿರಬಹುದು. ಆಕ್ಸಿಲರೇಟರಿನ ಸ್ಥಾನ ಏನೇ ಇರಲಿ, ಎಲ್ಲ ವೇಗದಲ್ಲಿಯೂ ಹೊಡೆತ ತಪ್ಪುತ್ತಿದ್ದರೆ ಕಾರ್ಬುರೇಟರನ್ನು ಸದ್ಯಕ್ಕೆ ಬಿಟ್ಟು ಕಿಡಿಯ ಕಡೆ ನೋಡುವುದು ವಿವೇಕ.

ಮಿಶ್ರಣ ತೆಳುವಾಗಿದೆಯೋ ದಟ್ಟವಾಗಿದೆಯೋ ಎಂದು ತಿಳಿಯಲು ಪ್ರತಿ ಹಳೆಯ ವಾಹನದಲ್ಲಿಯೂ ಒಂದು ಪರೀಕ್ಷಾ ಸಾಧನ ಮೊದಲೇ ಇದೆ, ಅದು ಚೋಕ್. ಚಳಿಯಲ್ಲಿ ಎಂಜಿನ್ ಹೊತ್ತಿಸಲು ಮಿಶ್ರಣವನ್ನು ದಟ್ಟಗೊಳಿಸುವುದು ಅದರ ಕೆಲಸ. ಎಂಜಿನ್ ಬಿಸಿಯಾಗಿ ಓಡುತ್ತಿದ್ದು ತಡವರಿಸುತ್ತಿರುವ ಹೊತ್ತಿನಲ್ಲಿಯೇ ಚೋಕನ್ನು ಅರೆಬರೆ ಎಳೆದಾಗ ಓಟ ಸುಧಾರಿಸಿದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದೆ ಬಂದಿದೆ ಎಂದೂ, ಹದಗೆಟ್ಟು ಕಪ್ಪು ಹೊಗೆ ಕಾರಿದರೆ ಪೆಟ್ರೋಲ್ ಮೊದಲೇ ಹೆಚ್ಚಾಗಿದೆ ಎಂದೂ ಅರ್ಥ. ಯಾವ ಬದಲಾವಣೆಯೂ ಇಲ್ಲದೆ ಹೊಡೆತ ತಪ್ಪುವುದು ಮುಂದುವರಿದರೆ ಕಿಡಿಯ ದೋಷವನ್ನು ಶಂಕಿಸಬಹುದು. ಒಂದು ಪೈಸೆಯೂ ಖರ್ಚಾಗದ ಈ ಪರೀಕ್ಷೆ ಗ್ಯಾರೇಜಿನಲ್ಲಿ ಅಪರೂಪವಾಗಿರುವುದು ವಿಷಾದದ ಸಂಗತಿ. ಚೋಕಿನ ಕೇಬಲ್ ತುಂಡಾಗಿದ್ದರೂ ತಿಂಗಳುಗಟ್ಟಲೆ ಹಾಗೆಯೇ ಓಡಿಸುವ ರೂಢಿ ಇದಕ್ಕೆ ಒಂದು ಕಾರಣ.

ಎಂಜಿನ್ ನಿಲ್ಲುವ ರೀತಿಯೂ ಗಮನಾರ್ಹವಾದುದು. ಪೆಟ್ರೋಲ್ ಬತ್ತಿ ನಿಲ್ಲುವ ಎಂಜಿನ್ ಒಮ್ಮೆಲೇ ನಿಲ್ಲುವುದಿಲ್ಲ. ಮೊದಲು ಶಕ್ತಿ ಕುಂದುತ್ತದೆ, ಬಳಿಕ ಜಗ್ಗಿದಂತೆ ಎರಡು ಮೂರು ಸಲ ಮುಗ್ಗರಿಸುತ್ತದೆ, ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ತೀರಿದಂತೆ ನಿಧಾನವಾಗಿ ಆರುತ್ತದೆ. ಕಿಡಿ ತಪ್ಪಿ ನಿಲ್ಲುವ ಎಂಜಿನ್ ಬಹುತೇಕ ಸ್ವಿಚ್ ಆಫ್ ಮಾಡಿದಂತೆ ಥಟ್ಟನೆ ನಿಲ್ಲುತ್ತದೆ, ಕೆಲವೊಮ್ಮೆ ಮರುಕ್ಷಣವೇ ಹೊತ್ತಿಕೊಂಡು ಸೈಲೆನ್ಸರಿನಲ್ಲಿ ಪಟ್ ಎಂದು ಸದ್ದು ಮಾಡುತ್ತದೆ, ಏಕೆಂದರೆ ಕಿಡಿ ಇಲ್ಲದ ಕ್ಷಣದಲ್ಲಿ ಉರಿಯದೆ ಹೊರಬಿದ್ದ ಮಿಶ್ರಣ ಬಿಸಿ ಸೈಲೆನ್ಸರಿನಲ್ಲಿ ಹೊತ್ತಿಕೊಳ್ಳುತ್ತದೆ. ಈ ಒಂದು ವ್ಯತ್ಯಾಸವನ್ನು ಮೆಕ್ಯಾನಿಕ್‌ಗೆ ಸರಿಯಾಗಿ ಹೇಳಬಲ್ಲ ವಾಹನ ಮಾಲೀಕನು ಅರ್ಧ ದಿನದ ದುಡಿಮೆಯನ್ನು ಉಳಿಸಿದಂತೆ.

ಪೆಟ್ರೋಲಿನ ದಾರಿಯನ್ನು ಪರೀಕ್ಷಿಸುವಾಗ ಟ್ಯಾಂಕಿನ ಮುಚ್ಚಳದಿಂದ ಆರಂಭಿಸಬೇಕು. ಪೆಟ್ರೋಲ್ ಕೆಳಗಿಳಿದಷ್ಟು ಗಾಳಿ ಟ್ಯಾಂಕಿನೊಳಕ್ಕೆ ಬರಬೇಕಾದುದರಿಂದ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಕಬ್ಬಿನ ತರಗಿನ ದೂಳು, ಆಲೆಮನೆಯ ಬೂದಿ, ಹುಲ್ಲಿನ ಪುಡಿ ಸೇರಿ ಅದು ಮುಚ್ಚಿಹೋದರೆ ಟ್ಯಾಂಕಿನೊಳಗೆ ಒತ್ತಡ ಕುಗ್ಗುತ್ತಾ ಹೋಗಿ, ಕೆಲವು ಕಿಲೋಮೀಟರಿನ ನಂತರ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ವಾಹನ ನಿಂತು ಹತ್ತು ನಿಮಿಷ ಕಳೆಯುವಷ್ಟರಲ್ಲಿ ಗಾಳಿ ಹೇಗೋ ನುಸುಳಿ ಎಂಜಿನ್ ಮತ್ತೆ ಹೊತ್ತುತ್ತದೆ, ಅಷ್ಟೇ ದೂರ ಓಡಿ ಮತ್ತೆ ನಿಲ್ಲುತ್ತದೆ. ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲ್ ಕೂಡ ಇದೇ ರೀತಿ ವರ್ತಿಸುವುದರಿಂದ ಇವೆರಡನ್ನೂ ಬೇರ್ಪಡಿಸಲು ನಿಂತ ಕ್ಷಣವನ್ನೇ ಬಳಸಿಕೊಳ್ಳಬೇಕು. ಮುಚ್ಚಳ ತೆರೆದಾಗ ಗಾಳಿ ಎಳೆದುಕೊಂಡ ಸದ್ದು ಕೇಳಿ, ತುಸು ಹೊತ್ತಿನಲ್ಲೇ ಕಿಕ್ಕಿಗೆ ಎಂಜಿನ್ ಹೊತ್ತಿಕೊಂಡರೆ ತಪ್ಪು ಮುಚ್ಚಳದ್ದು. ಮುಚ್ಚಳ ತೆರೆದರೂ ಹೊತ್ತದೆ, ಪ್ಲಗ್ಗಿನಲ್ಲಿ ಕಿಡಿಯೂ ಇಲ್ಲದೆ ಹೋದರೆ ತಪ್ಪು ಕಾಯಿಲಿನದ್ದು. ತಣ್ಣಗಾದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಎರಡೂ ಸರಿಯಾಗಿಯೇ ಕಾಣುತ್ತವೆ.

ಮುಚ್ಚಳದ ನಂತರ ಬರುವುದು ಟ್ಯಾಂಕಿನ ತಳದ ಕಾಕ್ ಮತ್ತು ಅದರೊಳಗಿನ ಜಾಲರಿ. ಎಂಜಿನ್ ತಣ್ಣಗಿರುವಾಗ, ಬೀಡಿ ಬೆಂಕಿಗಳಿಂದ ದೂರದಲ್ಲಿ, ಕಾರ್ಬುರೇಟರ್ ಕಡೆಯ ಪೈಪನ್ನು ಕಳಚಿ ಪಾತ್ರೆಗೆ ಹಿಡಿದು ಕಾಕ್ ತೆರೆದರೆ ಪೆಟ್ರೋಲ್ ಒಂದೇ ಧಾರೆಯಾಗಿ ಸುರಿಯಬೇಕು. ಮೊದಲೇ ಎಳೆಯಂತೆ ಬಂದರೆ ಜಾಲರಿ ಕಟ್ಟಿದೆ. ಚೆನ್ನಾಗಿ ಸುರಿದು ಕ್ರಮೇಣ ಕ್ಷೀಣಿಸಿದರೆ ಮತ್ತೆ ಮುಚ್ಚಳವನ್ನೇ ನೋಡಬೇಕು. ಕಾಕ್ ಆನ್ ಇರುವಾಗ ಟ್ಯಾಂಕಿನ ತಳಕ್ಕಿಂತ ಎತ್ತರದ ಕೊಳವೆಯಿಂದಲೂ ರಿಸರ್ವ್ ಇರುವಾಗ ತಳದಿಂದಲೇ ಪೆಟ್ರೋಲ್ ಇಳಿಯುವುದರಿಂದ, ಆನ್‌ನಲ್ಲಿ ನೆಟ್ಟಗೆ ಓಡಿ ರಿಸರ್ವಿಗೆ ತಿರುಗಿಸಿದೊಡನೆ ತಡವರಿಸುವ ವಾಹನದ ಟ್ಯಾಂಕಿನ ತಳದಲ್ಲಿ ತುಕ್ಕು ಅಥವಾ ನೀರು ನಿಂತಿದೆ ಎಂದು ನಿಸ್ಸಂಶಯವಾಗಿ ಹೇಳುವಷ್ಟು ಈ ಲಕ್ಷಣ ಸ್ಪಷ್ಟವಾದುದು.

ನೀರಿನ ಪ್ರಶ್ನೆ ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನೊಂದಿಗೇ ತಳಕು ಹಾಕಿಕೊಂಡಿದೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಕಾಲದಿಂದ ಈ ಸೀಮೆ ಸಕ್ಕರೆಯ ಸೀಮೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥನಾಲ್ ಎಂಬ ಮದ್ಯಸಾರ ದೊರೆಯುತ್ತದೆ. ಅದನ್ನು ಪೆಟ್ರೋಲಿಗೆ ಬೆರೆಸುವ ಆಲೋಚನೆಯೂ ಹೊಸದಲ್ಲ. ಸ್ವತಂತ್ರ ಭಾರತದಲ್ಲಿ ಪವರ್ ಆಲ್ಕೋಹಾಲ್ ಕಾಯಿದೆ ಬಂದದ್ದು 1948ರಲ್ಲಿ. ಈಗಿನ ಮಿಶ್ರಣ ಕಾರ್ಯಕ್ರಮ 2003ರಲ್ಲಿ ನೂರಕ್ಕೆ 5ರ ಪ್ರಮಾಣದಿಂದ ಆರಂಭವಾಗಿ, 2022ರ ಜೂನ್ ವೇಳೆಗೆ 10ಕ್ಕೆ ಮುಟ್ಟಿತು; ನೂರಕ್ಕೆ 20 ಎಥನಾಲ್ ಇರುವ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶದಾದ್ಯಂತ ಸಾಮಾನ್ಯ ಪೆಟ್ರೋಲ್ ಆಯಿತು. ಕಬ್ಬು ಬೆಳೆಗಾರನ ಪಾಲಿಗೆ ಇದು ಬೇಡಿಕೆಯ ಹೊಸ ದಾರಿ. ಅದೇ ಬೆಳೆಗಾರನ ಹಳೆಯ ಬೈಕಿಗೆ ಮಾತ್ರ ಇದರಿಂದ ಕೆಲವು ಹೊಸ ತೊಡಕುಗಳು ಒದಗಿವೆ ಎಂಬುದನ್ನು ಮರೆಮಾಚದೆ ಹೇಳಬೇಕು, ಏಕೆಂದರೆ ಆ ತೊಡಕುಗಳನ್ನು ನಿಭಾಯಿಸುವುದು ಸಾಧ್ಯ.

ಎಥನಾಲ್ ತನ್ನಲ್ಲಿಯೇ ಆಮ್ಲಜನಕವನ್ನು ಹೊಂದಿರುವುದರಿಂದ ಒಂದು ಕಿಲೋ ಎಥನಾಲ್ ಉರಿಯಲು 9 ಕಿಲೋ ಗಾಳಿ ಸಾಕು. ನೂರಕ್ಕೆ 20ರ ಮಿಶ್ರಣಕ್ಕೆ ಬೇಕಾದ ಗಾಳಿ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ವ್ಯವಸ್ಥೆಯ ವಾಹನ ಇದನ್ನು ಅರಿತು ಇಂಧನವನ್ನು ಹೆಚ್ಚಿಸಿಕೊಳ್ಳುತ್ತದೆ. ಕಾರ್ಬುರೇಟರಿನ ಜೆಟ್ ಎಂಬುದು ಹಿತ್ತಾಳೆಯಲ್ಲಿ ಕೊರೆದ ಬದಲಾಗದ ರಂಧ್ರ, ಅದು ಮೊದಲಿನಷ್ಟೇ ಕೊಡುತ್ತದೆ. ಪರಿಣಾಮವಾಗಿ ಮಿಶ್ರಣ ಸುಮಾರು ನೂರಕ್ಕೆ 8ರಷ್ಟು ತೆಳುವಾಗುತ್ತದೆ. ಮೊದಲೇ ಸ್ವಲ್ಪ ಕಟ್ಟಿದ್ದ ಪೈಲಟ್ ಜೆಟ್ ಹಿಂದೆ ಹೇಗೋ ಸಾಗಿಸುತ್ತಿದ್ದ ಎಂಜಿನ್ನನ್ನು ಈಗ ನಿಲ್ಲಿಸಿಬಿಡಲು ಈ ವ್ಯತ್ಯಾಸ ಸಾಕು. ಎರಡನೆಯದಾಗಿ, ಎಥನಾಲ್ ಬೆರೆತ ಪೆಟ್ರೋಲ್ ಲೀಟರಿಗೆ ಕೆಲವು ಮಿಲಿಲೀಟರಿನಷ್ಟು ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಆ ಮಿತಿ ಮೀರಿದಾಗ ನೀರು ಎಥನಾಲನ್ನೂ ತನ್ನೊಂದಿಗೆ ಎಳೆದುಕೊಂಡು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಬಂಕಿನಲ್ಲಿ 2ಟಿ ಆಯಿಲ್ ಬೆರೆಸಿ ತುಂಬುವ ಟೂ ಸ್ಟ್ರೋಕ್ ಮೊಪೆಡ್ಡಿಗೆ ಇದು ಇನ್ನೂ ಅಪಾಯಕರ, ಏಕೆಂದರೆ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದು, ತಳದಿಂದ ಎಂಜಿನ್ನಿಗೆ ಹೋಗುವ ಪದರದಲ್ಲಿ ಜಿಡ್ಡಿನ ಅಂಶವೇ ಇಲ್ಲವಾಗುತ್ತದೆ; ಪಿಸ್ಟನ್ ಸೀಜ್ ಆಗುವ, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವ ಸಂಭವವಿರುತ್ತದೆ. ಮಳೆಯಲ್ಲಿ ನಿಂತ ವಾಹನದ ಮುಚ್ಚಳದ ಸವೆದ ರಬ್ಬರಿನಿಂದ ಇಳಿಯುವ ನೀರೂ, ಬಂಕು ದೂರವಿರುವ ಊರುಗಳಲ್ಲಿ ಅಂಗಡಿಯಿಂದ ಕೊಳ್ಳುವ ಬಾಟಲಿ ಪೆಟ್ರೋಲಿನ ಜೊತೆ ಬರುವ ನೀರೂ ಈ ಮಿತಿಯನ್ನು ಮೀರಿಸಲು ಸಾಕಾಗುತ್ತವೆ. ಮೂರನೆಯದಾಗಿ, ಎಥನಾಲ್ ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗಾಗಿಸಬಲ್ಲದು, ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಕೊಳೆಯನ್ನು ಸಡಿಲಿಸಬಲ್ಲದು. ಸಡಿಲವಾದದ್ದೆಲ್ಲ ಕೊನೆಗೆ ಬಂದು ಸೇರುವುದು ಕಾರ್ಬುರೇಟರಿನ ಬಟ್ಟಲಿಗೆ.

ನೀರಿದೆಯೇ ಎಂದು ನೋಡಲು ಕಾರ್ಬುರೇಟರ್ ಕಳಚುವ ಅಗತ್ಯವಿಲ್ಲ. ಬಟ್ಟಲಿನ ಅಡಿಯಲ್ಲಿ ಒಂದು ತಿರುಪಿರುತ್ತದೆ. ಅದರ ಕೆಳಗೆ ಪಾರದರ್ಶಕವಾದ ಗಾಜಿನ ಸೀಸೆ ಹಿಡಿದು ತಿರುಪನ್ನು ಸಡಿಲಿಸಿ, ಬಂದ ದ್ರವವನ್ನು ಅಲುಗಿಸದೆ ಐದು ನಿಮಿಷ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಪೆಟ್ರೋಲ್ ಒಂದೇ ಬಣ್ಣದಲ್ಲಿ ತಿಳಿಯಾಗಿದ್ದರೆ ಚಿಂತೆಯಿಲ್ಲ. ತಳದಲ್ಲಿ ಗುಂಡಗಿನ ಹನಿಗಳು ಪಾದರಸದಂತೆ ಉರುಳುತ್ತಿದ್ದರೆ, ಅಥವಾ ಎರಡು ಪದರಗಳ ನಡುವೆ ಗೆರೆ ಎಳೆದಂತೆ ಗಡಿ ಕಂಡರೆ ನೀರು ಸೇರಿರುವುದು ಖಚಿತ. ಕಂದು ಪುಡಿ ಕಂಡರೆ ಅದು ಟ್ಯಾಂಕಿನ ತುಕ್ಕು. ಹಸಿರು ಛಾಯೆಯ ಅಂಟು ಇದ್ದರೆ ಬಹುಕಾಲ ನಿಂತ ಪೆಟ್ರೋಲ್ ಆರಿ ಹಿತ್ತಾಳೆಯ ಮೇಲೆ ಕಟ್ಟಿದ ಕೊಳೆ. ಈ ಸಂದರ್ಭಗಳಲ್ಲಿ ಟ್ಯಾಂಕನ್ನು ತೊಳೆಯದೆ ಕಾರ್ಬುರೇಟರನ್ನು ಮಾತ್ರ ತೊಳೆದರೆ ಅದೇ ಕೊಳೆ ಮತ್ತೆ ಇಳಿದು ಬರುತ್ತದೆ. ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ನೀಡಲ್ ವಾಲ್ವಿನ ಬಾಯಲ್ಲಿ ಕಸ ಸಿಕ್ಕಿದೆ ಇಲ್ಲವೇ ಅದರ ಮೊನೆ ಸವೆದಿದೆ; ಬಟ್ಟಲಿನ ಹೊರಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ತೊಟ್ಟಿಕ್ಕುವುದು ನಿಂತರೆ ಕಸವೆಂದೂ, ನಿಲ್ಲದಿದ್ದರೆ ಸವೆತವೆಂದೂ ತಿಳಿಯಬಹುದು.

ಇಷ್ಟಾದ ಮೇಲೆ ಪೈಲಟ್ ಜೆಟ್ ಮೇಲೆಯೇ ಸಂಶಯ ಉಳಿದರೆ ಆಗ ಕಾರ್ಬುರೇಟರ್ ಬಿಚ್ಚುವುದು ನ್ಯಾಯವಾದ ಕ್ರಮ. ಆ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತ ಕಿರಿದು. ತಲೆಗೂದಲಿಗಿಂತ ಸ್ವಲ್ಪವೇ ದಪ್ಪನಾದ ದೂಳಿನ ಎಳೆಯೂ ಅದರ ಹರಿವಿಗೆ ಅಡ್ಡಿಯಾಗಬಲ್ಲದು. ಅದನ್ನು ಆಕಾಶದ ಬೆಳಕಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಾಗ ರಂಧ್ರ ದುಂಡಗೆ, ಅಂಚು ಸ್ಪಷ್ಟವಾಗಿ ಕಾಣಬೇಕು. ಅರ್ಧಚಂದ್ರದ ಆಕಾರ ಕಂಡರೆ ಒಂದು ಬದಿಯಲ್ಲಿ ಅಂಟು ಕುಳಿತಿದೆ. ಇಂತಹ ಜೆಟ್ ಪರೀಕ್ಷೆಗೆ ಊದಿದಾಗ ಗಾಳಿಯನ್ನು ಬಿಡುತ್ತದೆ, ಆದ್ದರಿಂದ ಊದುವುದು ಸಾಲದು, ನೋಡಲೇಬೇಕು. ಕ್ಲಚ್ ಕೇಬಲ್ಲಿನ ಉಕ್ಕಿನ ಎಳೆಯನ್ನು ತೂರಿಸಿ ಕೆರೆಯುವ ಅಭ್ಯಾಸ ವ್ಯಾಪಕವಾಗಿದ್ದರೂ ಅದು ಕೈಬಿಡಬೇಕಾದ ಅಭ್ಯಾಸ. ಮೆತ್ತನೆಯ ಹಿತ್ತಾಳೆಯನ್ನು ಉಕ್ಕು ಸವೆಸಿ ರಂಧ್ರವನ್ನು ಅಗಲ ಮಾಡುತ್ತದೆ, ಆ ಬಳಿಕ ಯಾವ ಟ್ಯೂನಿಂಗಿಗೂ ಮಿಶ್ರಣ ಹದಕ್ಕೆ ಬರುವುದಿಲ್ಲ. ಕಾರ್ಬುರೇಟರ್ ಕ್ಲೀನರ್ ದ್ರಾವಣದಲ್ಲಿ ನೆನೆಸಿ, ನೈಲಾನ್ ಎಳೆಯಿಂದ ಬಿಡಿಸಿ, ಕಂಪ್ರೆಸರಿನ ಗಾಳಿ ಹಾಯಿಸುವುದು ಸರಿಯಾದ ವಿಧಾನ. ಜೆಟ್ಟಿನ ಹಿಂದಿನ ಒಳದಾರಿಗಳಿಗೂ ಗಾಳಿ ಹಾಯಿಸಬೇಕು. ಹಾಯಿಸುವ ಮೊದಲು ಫ್ಲೋಟ್ ಮತ್ತು ರಬ್ಬರ್ ಭಾಗಗಳನ್ನು ತೆಗೆದಿಡಬೇಕು.

ಕಿಡಿಯ ಕಡೆಗೆ ಬಂದರೆ, ಯೆಜ್ಡಿಯಂತಹ ವಾಹನಗಳಲ್ಲಿ ಪಾಯಿಂಟ್ ಎಂದು ಕರೆಯುವ ಎರಡು ಲೋಹದ ಬಿಲ್ಲೆಗಳು ತೆರೆದು ಮುಚ್ಚುತ್ತಾ ಕಾಯಿಲಿನ ವಿದ್ಯುತ್ತನ್ನು ಕಡಿಯುತ್ತವೆ, ಕಡಿದ ಕ್ಷಣದಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಇವು ಪೂರ್ತಿ ತೆರೆದಾಗ ನಡುವಿನ ಅಂತರ 0.3ರಿಂದ 0.4 ಮಿಲಿಮೀಟರ್ ಇರಬೇಕು. ಬಿಲ್ಲೆಗಳ ಮೇಲೆ ಗುಳಿ ಬಿದ್ದು ಕರಕಲಾಗಿದ್ದರೆ ಉಜ್ಜಿ ಸರಿಪಡಿಸುವ ಜೊತೆಗೆ ಕಂಡೆನ್ಸರನ್ನೂ ಬದಲಾಯಿಸಬೇಕು, ಏಕೆಂದರೆ ಬಿಲ್ಲೆಗಳ ನಡುವೆ ಕಿಡಿ ಹಾರದಂತೆ ತಡೆಯುವುದೇ ಅದರ ಕೆಲಸ. ಅದು ಕೆಟ್ಟಾಗ ಪಾಯಿಂಟುಗಳು ಸುಡುತ್ತವೆ, ಪ್ಲಗ್ಗಿನ ಕಿಡಿ ಸೊರಗುತ್ತದೆ. ಆರ್‌ಎಕ್ಸ್ 100, ಸ್ಪ್ಲೆಂಡರುಗಳಲ್ಲಿ ಪಾಯಿಂಟ್ ಬದಲಿಗೆ ಸಿಡಿಐ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವುದರಿಂದ ಈ ತೊಂದರೆ ಇಲ್ಲ. ಅಲ್ಲಿ ಕೈಕೊಡುವುದು ಹೆಚ್ಚಾಗಿ ವೈರಿನ ಕನೆಕ್ಟರು, ಅರ್ತ್ ಜೋಡಣೆ ಮತ್ತು ಪ್ಲಗ್ ಕ್ಯಾಪು. ಮಳೆಗಾಲದಲ್ಲಿ ಅಥವಾ ವಾಟರ್ ಸರ್ವಿಸ್ ಮಾಡಿಸಿದ ದಿನ ಮಾತ್ರ ತಡವರಿಸುವ ವಾಹನದ ಎಂಜಿನ್ನನ್ನು ರಾತ್ರಿ ಕತ್ತಲಲ್ಲಿ ಚಾಲೂ ಮಾಡಿ, ಪ್ಲಗ್ ವೈರಿನ ಉದ್ದಕ್ಕೂ ನೋಡಿದರೆ, ಬಿರುಕು ಬಿಟ್ಟ ಜಾಗದಿಂದ ಎಂಜಿನ್ನಿನ ಮೈಗೆ ನೀಲಿ ಕಿಡಿ ಜಿಗಿಯುವುದು ಕಣ್ಣಿಗೇ ಕಾಣುತ್ತದೆ. ಪ್ಲಗ್ ಹೊರತೆಗೆದು ಕಿಡಿ ನೋಡುವಾಗ ಅದನ್ನು ಎಂಜಿನ್ನಿನ ಲೋಹಕ್ಕೆ ಒತ್ತಿಹಿಡಿದು, ಪ್ಲಗ್ಗಿನ ತೂತಿನಿಂದಲೂ ಕಾರ್ಬುರೇಟರಿನಿಂದಲೂ ದೂರವಿಟ್ಟು ಕಿಕ್ ಹೊಡೆಯಬೇಕು; ತೂತಿನಿಂದ ಚಿಮ್ಮುವ ಪೆಟ್ರೋಲಿನ ಆವಿ ಹೊತ್ತಿಕೊಂಡ ಪ್ರಸಂಗಗಳು ಉಂಟು. ಹೊರಗೆ ಕಿಡಿ ಬಂತೆಂದ ಮಾತ್ರಕ್ಕೆ ಪ್ಲಗ್ ಸರಿಯಿದೆ ಎಂದು ಹೇಳಲಾಗದು. ಸಿಲಿಂಡರಿನೊಳಗಿನ ಒತ್ತಡದಲ್ಲಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಸಂದೇಹವಿದ್ದಲ್ಲಿ 0.6ರಿಂದ 0.7 ಮಿಲಿಮೀಟರ್ ಅಂತರವಿಟ್ಟ ಹೊಸ ಪ್ಲಗ್ ಹಾಕಿ ನೋಡುವುದೇ ಅಗ್ಗದ ಪರೀಕ್ಷೆ.

ಕಳಚಿದ ಪ್ಲಗ್ಗನ್ನು ಎಸೆಯಬಾರದು, ಅದು ಎಂಜಿನ್ನಿನ ಒಳಗಿನ ವಿದ್ಯಮಾನದ ಬರಹ. ಮೊನೆಯ ಸುತ್ತಲಿನ ಪಿಂಗಾಣಿ ಇಟ್ಟಿಗೆಯ ಕಂದು ಬಣ್ಣದಲ್ಲಿದ್ದರೆ ಮಿಶ್ರಣ ಹದವಾಗಿದೆ. ಕಾಡಿಗೆಯಂತೆ ಒಣ ಕಪ್ಪಾಗಿದ್ದರೆ ದಟ್ಟವಾಗಿದೆ, ಅಥವಾ ಏರ್ ಫಿಲ್ಟರ್ ಕಟ್ಟಿದೆ. ಸುಣ್ಣದಂತೆ ಬಿಳಿಚಿದ್ದರೆ ತೆಳುವಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿ ಬಿದ್ದಿಲ್ಲ. ಆದರೆ ಈ ಬರಹವನ್ನು ಓದಬೇಕಾದದ್ದು ತಡವರಿಸುವ ವೇಗದಲ್ಲಿಯೇ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಎಂಜಿನ್ನನ್ನು ಅಲ್ಲಿಯೇ ಆಫ್ ಮಾಡಿ, ಪ್ಲಗ್ ತೆಗೆದಾಗ. ಗ್ಯಾರೇಜಿನವರೆಗೆ ಚೋಕ್ ಎಳೆದುಕೊಂಡು ಬಂದ ವಾಹನದ ಪ್ಲಗ್ ಕಪ್ಪಾಗಿರುವುದರಲ್ಲಿ ಆಶ್ಚರ್ಯವಿಲ್ಲ, ಮಾಹಿತಿಯೂ ಇಲ್ಲ.

ಮಿಶ್ರಣ ತೆಳುವಾಗಿದೆ ಎಂದು ಚೋಕ್ ಮತ್ತು ಪ್ಲಗ್ ಎರಡೂ ಹೇಳಿದರೂ ಜೆಟ್ಟುಗಳು ಶುದ್ಧವಾಗಿದ್ದರೆ, ಅಳತೆಗೆ ಸಿಗದ ಗಾಳಿ ಬೇರೆ ದಾರಿಯಿಂದ ಒಳಬರುತ್ತಿದೆ ಎಂದರ್ಥ. ಏರ್ ಎಳೆಯುತ್ತಿದೆ ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರಿನಲ್ಲಿ ಬಿರುಕು, ಗ್ಯಾಸ್ಕೆಟ್ಟಿನಲ್ಲಿ ಸಂದು, ಬಿಗಿ ಸಡಿಲಿದ ಬೋಲ್ಟು ಇದಕ್ಕೆ ಕಾರಣ. ಎಂಜಿನ್ ಐಡಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಬಿಟ್ಟು ನಿಂತಲ್ಲಿ ಉರಿಯುತ್ತಿರುವಾಗ ಜೋಡಣೆಯ ಸುತ್ತ ಸೋಪಿನ ನೀರನ್ನು ಸಿಂಪಡಿಸಿದರೆ ಸಂದಿರುವಲ್ಲಿ ನೀರು ಒಳಕ್ಕೆ ಎಳೆಯಲ್ಪಟ್ಟು ಎಂಜಿನ್ನಿನ ಸದ್ದು ಬದಲಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಹೋಗಿ ಅಲ್ಲಿಂದ ಸಿಲಿಂಡರಿಗೆ ಏರುವುದರಿಂದ, ಕ್ರ್ಯಾಂಕಿನ ಆಯಿಲ್ ಸೀಲ್ ಸವೆದರೂ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯದೆ ತಾನಾಗಿ ಕೂಗುತ್ತಿದ್ದು, ಆಮೇಲೆ ಒಮ್ಮೆಲೇ ಆಫ್ ಆಗುವುದು ಅದರ ವಿಶಿಷ್ಟ ಲಕ್ಷಣ. ಇದನ್ನು ಗುರುತಿಸದೆ ಕಾರ್ಬುರೇಟರನ್ನು ಮತ್ತೆ ಮತ್ತೆ ಟ್ಯೂನ್ ಮಾಡಿಸಿ ಓಡಿಸುವುದು ಸೀಜ್ ಆಗುವ ಕಡೆಗೆ ಓಡಿಸಿದಂತೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಸರಿಸಮಾನವಾಗಿ ಅಲಕ್ಷಿತವಾದದ್ದು ವಾಲ್ವಿನ ಅಂತರ: ಅದು ತೀರ ಬಿಗಿಯಾದರೆ ಲೋಹ ಕಾದು ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ, ತಣ್ಣಗಿರುವಾಗ ಸರಿಯಿದ್ದ ವಾಹನ ಬಿಸಿಯಾದ ಮೇಲೆ ಐಡಲಿಂಗಿನಲ್ಲಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಹಳೆಯ ಕಾರುಗಳಲ್ಲಿ ಟ್ಯಾಂಕು ಹಿಂದೆ, ತಗ್ಗಿನಲ್ಲಿ ಇರುವುದರಿಂದ ಎಂಜಿನ್ನಿನ ಪಕ್ಕದ ಪಂಪು ಪೆಟ್ರೋಲನ್ನು ಎಳೆದು ತರುತ್ತದೆ. ಬೇಸಗೆಯ ಮಧ್ಯಾಹ್ನ ಎಂಜಿನ್ನಿನ ಕಾವಿಗೆ ಪಂಪು ಮತ್ತು ಪೈಪಿನಲ್ಲಿನ ಪೆಟ್ರೋಲ್ ಆವಿಯಾಗಿ, ಪಂಪು ದ್ರವವನ್ನು ತಳ್ಳಲಾರದೆ ಎಂಜಿನ್ ನಿಲ್ಲುವುದುಂಟು. ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿ, ಮತ್ತು ಅದು ಸರಿಯಾದ ಉಪಾಯವೇ ಆಗಿತ್ತು. ಒದ್ದೆ ಬಟ್ಟೆಯಿಂದ ಎಂಜಿನ್ ಹೊತ್ತಿಕೊಂಡರೆ ಕಾರಣ ಆವಿ. ತಣ್ಣಗಿರುವಾಗಲೂ ಏರಿನಲ್ಲಿ ಎಳೆಯದಿದ್ದರೆ ಪಂಪಿನೊಳಗಿನ ಡಯಾಫ್ರಮ್ ಎಂಬ ರಬ್ಬರ್ ಪೊರೆ ಹರಿದಿದೆ, ಹರಿದ ಪೊರೆಯಿಂದ ಸೋರಿದ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುವುದರಿಂದ ಆಯಿಲ್ ಕಡ್ಡಿಯನ್ನು ಮೂಸಿ ನೋಡಿದರೂ ತಿಳಿಯುತ್ತದೆ.

ಕಾರ್ಬುರೇಟರಿನ ಮೈಮೇಲಿರುವ, ಗಾಳಿಯ ಪ್ರಮಾಣವನ್ನು ಹೊಂದಿಸುವ ಏರ್ ಸ್ಕ್ರೂ ಮತ್ತು ಐಡಲಿಂಗಿನ ವೇಗವನ್ನು ಹೊಂದಿಸುವ ಐಡಲಿಂಗ್ ಸ್ಕ್ರೂಗಳನ್ನು ಮುಟ್ಟುವುದು ಇವೆಲ್ಲ ಮುಗಿದ ಮೇಲೆ. ತಿರುಗಿಸುವ ಮೊದಲು ಏರ್ ಸ್ಕ್ರೂವನ್ನು ಮೆಲ್ಲನೆ, ಒತ್ತಡ ಹಾಕದೆ, ಪೂರ್ತಿ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಇತ್ತು ಎಂದು ಬರೆದಿಟ್ಟುಕೊಂಡರೆ ಮತ್ತೆ ಮೊದಲಿನ ಸ್ಥಿತಿಗೆ ಬರಲು ದಾರಿ ಉಳಿಯುತ್ತದೆ. ಬಲವಾಗಿ ತಿರುಗಿಸಿದರೆ ಅದರ ಮೊನೆ ಮುರಿದು ಒಳಗೇ ಉಳಿಯುವುದುಂಟು. ಎಂಜಿನ್ ಚೆನ್ನಾಗಿ ಬಿಸಿಯಾದ ನಂತರ, ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ಹೊರಕ್ಕೆ ತಂದು, ಅಲ್ಲಿಂದ ಕಾಲು ಕಾಲು ಸುತ್ತಿನಂತೆ ಎರಡೂ ಕಡೆಗೆ ತಿರುಗಿಸುತ್ತಾ ಎಂಜಿನ್ ಅತ್ಯಂತ ವೇಗವಾಗಿ, ನಡುಕವಿಲ್ಲದೆ ಉರಿಯುವ ಸ್ಥಾನವನ್ನು ಕಂಡುಕೊಳ್ಳಬೇಕು. ನೂರಕ್ಕೆ 20ರ ಎಥನಾಲ್ ಪೆಟ್ರೋಲ್ ತುಂಬಿದ ವಾಹನದಲ್ಲಿ ಈ ಸ್ಥಾನ ಹಳೆಯ ಕೈಪಿಡಿ ಹೇಳಿದ್ದಕ್ಕಿಂತ ಸ್ವಲ್ಪ ಒಳಕ್ಕೆ, ಅಂದರೆ ಗಾಳಿ ಕಡಿಮೆಯಾಗುವ ಕಡೆಗೆ ಸಿಗುತ್ತದೆ. ಸ್ಕ್ರೂವನ್ನು ಪೂರ್ತಿ ಒಳಕ್ಕೆ ತಿರುಗಿಸಿದ ಮೇಲೂ ಎಂಜಿನ್ ಸಮಾಧಾನಗೊಳ್ಳದಿದ್ದರೆ ಒಂದು ಅಳತೆ ದೊಡ್ಡದಾದ ಪೈಲಟ್ ಜೆಟ್ ಹಾಕಿಸಬೇಕಾಗುತ್ತದೆ. ಆ ಜೆಟ್ಟಿನ ಮೈಮೇಲೆ ಕೆತ್ತಿದ ಸಂಖ್ಯೆಯನ್ನು ಓದಿ, ಹಳೆಯದರ ಸಂಖ್ಯೆಯೊಂದಿಗೆ ಹೋಲಿಸಿ ಕೊಳ್ಳುವುದು ಅಗತ್ಯ.